ಮಾಸ್ತಪ್ಪನವರು ತಪ್ಪಿದ ಒಂದು ತೂಕ

ರಿಪ್ಪನ್‌ಪೇಟೆಯಲ್ಲಿ ಬರೀ ಮಾಸ್ತಪ್ಪ ಅಂದರೆ ಯಾರಿಗೂ ತಿಳಿಯದು, ತೂಕದ ಮಾಸ್ತಪ್ಪ ಎನ್ನಬೇಕು. ಮೂವತ್ತು ವರ್ಷ ಅಡಿಕೆ ಮಂಡಿಯಲ್ಲಿ ಚೀಲ ತೂಗಿದ ಮನುಷ್ಯ. ಒಮ್ಮೆ ಎತ್ತಿ ಇಳಿಸಿದರೆ ಸಾಕು, ತೂಕ ಹೇಳಿಬಿಡುತ್ತಿದ್ದರು. ತಕ್ಕಡಿ ಬೇರೆ ಹೇಳಿದರೆ ತಕ್ಕಡಿಯನ್ನೇ ರಿಪೇರಿಗೆ ಕಳಿಸಿ ಎನ್ನುತ್ತಿದ್ದರು. ಕೆಲಸ ಬಿಟ್ಟ ಮೇಲೂ ಚಟ ಹೋಗಲಿಲ್ಲ. ಮಗಳ ಮದುವೆಯಲ್ಲಿ ಅಳಿಯನನ್ನು ಅಪ್ಪಿಕೊಳ್ಳುವ ನೆಪದಲ್ಲಿ ಚೂರು ಮೇಲೆತ್ತಿ, “ಅರವತ್ತೆರಡು” ಎಂದರಂತೆ. ನಾನು ಈ ಊರಿನ ಆಶಾ ಕಾರ್ಯಕರ್ತೆ. ಅವರ ಮನೆ ಮುಂದೆ ಹಾದುಹೋದಾಗಲೆಲ್ಲ, “ತಂಗೀ, ಎರಡು ಕೆಜಿ ಏರಿದ್ದೀಯಲ್ಲ” ಎನ್ನುತ್ತಿದ್ದರು. ನನಗೆ ಅವರ ಮೇಲೆ ಹಳೇ ಸಿಟ್ಟಿತ್ತು.

ಹೋದ ವರ್ಷ ಅವರ ಮಗಳು ಸುಪ್ರಿಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಸಾಗರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು, ಎರಡು ಕೆಜಿ ಒಂಬೈನೂರು ಗ್ರಾಂ. ನಾಲ್ಕನೇ ದಿನ ಮನೆಗೆ ಬಂದ ಮೊಮ್ಮಗಳನ್ನು ಅಜ್ಜ ಕೈಗೆತ್ತಿಕೊಂಡರು. ಅಷ್ಟೇ, ಮುಖ ಬಾಡಿತು.

“ಇನ್ನೂರು ಗ್ರಾಂ ಕಮ್ಮಿ ಇದೆ!”

ಕೂಡಲೇ ದುರ್ಗೇಶನ ದಿನಸಿ ಅಂಗಡಿಗೆ ಓಡಿ, ಬೆಲ್ಲ ತೂಗುವ ತಕ್ಕಡಿಯನ್ನೇ ಹೊತ್ತು ತಂದರು. ಒರೆಸಿ, ಟವೆಲು ಹಾಸಿ, ಮಗುವನ್ನು ಮಲಗಿಸಿದರು. ಎರಡು ಕೆಜಿ ಏಳುನೂರು. ಈ ಮನುಷ್ಯ ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಗ್ರಹಚಾರ!

ಅವತ್ತು ಸಂಜೆ ನಾನು ಮಗು ನೋಡಲು ಹೋದಾಗ ಮೇಜಿನ ಮೇಲೆ ಹಾಲಿನ ಪುಡಿಯ ಡಬ್ಬ, ಪಕ್ಕದಲ್ಲೊಂದು ಬಾಟಲಿ. ಸುಪ್ರಿಯಾಳ ಕಣ್ಣು ಕೆಂಪಾಗಿತ್ತು.

“ಆಶಾಕ್ಕ, ನಂಗೆ ಹಾಲೇ ಸಾಲ್ತಿಲ್ವಂತೆ. ಅಪ್ಪಯ್ಯ ತೂಕ ಹಾಕಿ ನೋಡಿದ್ರು.”

ನನಗೆ ಮೈಯೆಲ್ಲ ಉರಿಯಿತು. “ಮಾಸ್ತಪ್ಪಣ್ಣ, ಹಸಿ ಅಡಿಕೆ ಬಿಸಿಲಿಗೆ ಹಾಕಿದ್ರೆ ತೂಕ ಇಳಿಯಲ್ವಾ? ಕಳ್ಳ ಬಂದು ಹೊತ್ಕೊಂಡ್ ಹೋದ್ನಾ?”

“ಅದು ನೀರು ಆರೋದು ಮಾರಾಯ್ತಿ.”

“ಇಲ್ಲೂ ಹಂಗೇ ಅಂದ್ಕೊಳ್ಳಿ. ಹುಟ್ಟಿದ್ ಮಕ್ಳು ಮೊದ್ಲ ವಾರ ಒಂಚೂರು ಇಳೀತಾವೆ, ಆಮೇಲೆ ಏರ್ತಾವೆ. ಡಬ್ಬ ಕೊಟ್ರೆ ಮಗು ಎದೆ ಚೀಪೋದು ಕಮ್ಮಿ ಆಗುತ್ತೆ. ಚೀಪೋದು ಕಮ್ಮಿ ಆದ್ರೆ ಹಾಲೂ ಕಮ್ಮಿ ಆಗುತ್ತೆ. ಆಗ ನಿಮ್ ಮಾತೇ ನಿಜ ಆಗುತ್ತೆ, ಖುಷಿನಾ?”

ಅವರು ಡಬ್ಬವನ್ನು ಮೇಜಿನ ಅಂಚಿಗೆ ಸರಿಸಿದರು. ಸುಪ್ರಿಯಾ ಹಾಲುಣಿಸುವುದನ್ನು ಒಳಗೆ ಕೂತು ನೋಡಿದೆ. ಮಗು ಮೊಲೆತೊಟ್ಟಿನ ತುದಿ ಮಾತ್ರ ಹಿಡಿದಿತ್ತು. ಬಾಯಿ ಅಗಲಿಸಿ, ಹತ್ತಿರ ಒತ್ತಿ ಹಿಡಿಸಿದೆ. ಗುಟುಕು ನುಂಗುವ ಸದ್ದು ಕೇಳಿ ಸುಪ್ರಿಯಾ ಮೊದಲ ಸಲ ನಕ್ಕಳು.

ಹೊರಗೆ ಬಂದು ಅಜ್ಜನೊಡನೆ ಒಪ್ಪಂದ ಮಾಡಿಕೊಂಡೆ. ಡಬ್ಬ ಒಡೆಯದೆ ಅಟ್ಟದ ಮೇಲಿರಬೇಕು. ಮಗು ಕೇಳಿದಾಗಲೆಲ್ಲ ಎದೆಹಾಲು, ಬೇರೆ ಏನೂ ಇಲ್ಲ, ಆರು ತಿಂಗಳು ನೀರೂ ಇಲ್ಲ. ತೂಕ ನಾನೇ ನೋಡುತ್ತೇನೆ. ಹದಿನಾಲ್ಕನೇ ದಿನ ಹುಟ್ಟಿದ ತೂಕ ಮುಟ್ಟದಿದ್ದರೆ ಡಾಕ್ಟರ ಹತ್ತಿರ ಒಟ್ಟಿಗೆ ಹೋಗೋಣ. ಅಲ್ಲಿಯವರೆಗೆ ಅವರು ಮಗುವನ್ನು ಎತ್ತಿ ತೂಕ ಹೇಳಕೂಡದು.

“ಮತ್ತೆ ನಾನೆಂತ ಮಾಡ್ಲಿ?”

“ಮಗು ಉಚ್ಚೆ ಹೊಯ್ದ ಒದ್ದೆ ಬಟ್ಟೆ ಎಣಿಸಿ, ಹಾಲು ಸಾಕಾಗ್ತಿದ್ಯೋ ಇಲ್ವೋ ಅದ್ರಲ್ಲೇ ಗೊತ್ತಾಗುತ್ತೆ. ದಿನಕ್ಕೆ ಆರಕ್ಕಿಂತ ಕಮ್ಮಿ ಆದ್ರೆ ಫೋನ್ ಮಾಡಿ.”

ಬಾಯ್ತಪ್ಪಿ ಹೇಳಿದೆ ನೋಡಿ! ದಿನಾ ಬೆಳಿಗ್ಗೆ ನಾನು ಕಾಫಿ ಕುಡಿಯುವ ಮೊದಲೇ ಫೋನು. “ತಂಗೀ, ನಿನ್ನೆದು ಒದ್ದೆ ಬಟ್ಟೆ ಏಳು ನಗ. ಒಂದು ಅರ್ಧಂಬರ್ಧ ಒದ್ದೆ, ಅದನ್ನ ಲೆಕ್ಕಕ್ಕೆ ತಗೊಳ್ಳದಾ ಬಿಡದಾ?” ಬಟ್ಟೆ ಒಗೆಯುವುದನ್ನೂ ಅವರೇ ಶುರು ಮಾಡಿದರಂತೆ. ಬೇರೆಯವರು ಎಣಿಕೆ ತಪ್ಪಿಸುತ್ತಾರಲ್ಲ! ಏಳನೇ ದಿನ ನಾನು ತೂಗಿದಾಗ ಎರಡು ಕೆಜಿ ಎಂಟುನೂರು. ಏರಿತ್ತು, ಆದರೆ ಹುಟ್ಟಿದ ತೂಕ ಇನ್ನೂ ಮುಟ್ಟಿರಲಿಲ್ಲ. ಅಜ್ಜ ಅಟ್ಟದ ಕಡೆಗೊಮ್ಮೆ ನೋಡಿದರು.

ಹದಿನಾಲ್ಕನೇ ದಿನ ಜೋಳಿಗೆ ತಕ್ಕಡಿ ಹಿಡಿದು ಹೋದೆ. ಹಳೇ ಸಿಟ್ಟಿತ್ತಲ್ಲ, ಸ್ವಲ್ಪ ಆಟ ಆಡಿಸೋಣ ಅನ್ನಿಸಿತು. ಮಗುವನ್ನು ಅವರ ಕೈಗಿಟ್ಟೆ.

“ಈಗ ಹೇಳಿ ಮಾಸ್ತಪ್ಪಣ್ಣ, ಎಷ್ಟು?”

ಅವರು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಕ್ವಿಂಟಲುಗಟ್ಟಲೆ ತೂಗಿದ ಮನುಷ್ಯ ಮಗುವನ್ನು ನನ್ನತ್ತ ಚಾಚಿದರು.

“ಗೊತ್ತಾಗ್ತಿಲ್ಲ ತಂಗೀ. ನೀನೇ ನೋಡು.”

ತಮಾಷೆ ಮಾಡಿದ್ದಕ್ಕೆ ನನಗೇ ನಾಚಿಕೆಯಾಯಿತು. ಜೋಳಿಗೆಯಲ್ಲಿ ಮಲಗಿಸಿ ತಕ್ಕಡಿ ಎತ್ತಿದೆ. ಮೂರು ಕೆಜಿ ಐವತ್ತು ಗ್ರಾಂ! ಸುಪ್ರಿಯಾ ಕಣ್ಣೊರೆಸಿಕೊಂಡಳು. ಮಾಸ್ತಪ್ಪನವರು ಮಗುವನ್ನು ಎತ್ತಿಕೊಂಡು, “ನಂಗ್ ಗೊತ್ತಿತ್ತು, ಗೊತ್ತಿತ್ತು” ಎಂದು ಮನೆಯೆಲ್ಲ ಸುತ್ತಿದರು.

ಆಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಯಮುನಮ್ಮ ಬಾಯಿ ತೆರೆದರು. ಇಷ್ಟು ದಿನ ಈ ವಿಷಯದಲ್ಲಿ ಒಂದು ಮಾತೂ ಆಡಿರಲಿಲ್ಲ.

“ಸುಪ್ರಿಯಾ ಹುಟ್ಟಿದಾಗ್ಲೂ ನಾಲ್ಕನೇ ದಿನ ಹಿಂಗೇ ಎತ್ತಿ ನೋಡಿದ್ರು. ನನ್ನ ಹಾಲು ಸಾಲಲ್ಲ ಅಂತ ಡಬ್ಬ ತಂದ್ರು. ಬಾಟಲಿ ಹಾಲು ಕುಡಿದು ಇವ್ಳಿಗೆ ತಿಂಗ್ಳಿಗೊಂದು ಸಲ ಭೇದಿ. ಇಪ್ಪತ್ತಾರು ವರ್ಷ ಆಯ್ತು. ನನ್ನಲ್ಲೇ ಏನೋ ಕೊರತೆ ಅಂತ ಇವತ್ತಿನವರೆಗೂ ಅಂದ್ಕೊಂಡಿದ್ದೆ.”

ಮಾಸ್ತಪ್ಪನವರು ಮಗುವನ್ನು ಎದೆಗಾನಿಸಿಕೊಂಡು ಹೆಂಡತಿಯ ಹತ್ತಿರ ಬಂದರು.

“ಆವತ್ತು ತೂಗಿದ್ದು ತಪ್ಪಾಯ್ತು ಕಣೆ” ಎಂದರು.

ಮೂವತ್ತು ವರ್ಷದಲ್ಲಿ ಆ ಬಾಯಲ್ಲಿ ಆ ಮಾತು ಬಂದದ್ದನ್ನು ಮಂಡಿಯಲ್ಲಿ ಯಾರೂ ಕೇಳಿಲ್ಲ. ಯಮುನಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಕೈ ಚಾಚಿದರು.

“ಸಾಕು, ಮಗೂನ ಕೊಡಿ ಇಲ್ಲಿ. ಅದಕ್ಕೆ ಹಸಿವಾಗಿದೆ, ನಿಮಗೆ ಅದೊಂದು ಗೊತ್ತಾಗಲ್ಲ.”