ಅತ್ತೆಯನ್ನು ಕೇಳಿದರೆ ಮಾವ ಹೇಳುತ್ತಾರೆ

ನನ್ನ ಮಗಳಿಗೆ ಎಂಟನೇ ಕ್ಲಾಸಿಗೆ ಆ ಸರ್ಕಾರಿ ಹೈಸ್ಕೂಲಿನಲ್ಲೇ ಸೀಟು ಬೇಕಿತ್ತು. ಚಾಮರಾಜಪೇಟೆಯ ನಮ್ಮ ಮನೆಯಿಂದ ನಡೆದೇ ಹೋಗಬಹುದು. ಭಾಷೆ, ಇತಿಹಾಸ, ಬರವಣಿಗೆ, ಮಾತುಗಾರಿಕೆಗೆಂದೇ ಅಲ್ಲಿ ವಿಶೇಷ ವಿಭಾಗವಿದೆ. ಮಕ್ಕಳನ್ನು ಆರಿಸುವುದು ಬರೀ ಅಂಕ ನೋಡಿ ಅಲ್ಲ. ಮನೆಯ ಹಿರಿಯರೊಬ್ಬರನ್ನು ಮಾತಾಡಿಸಿ ರೆಕಾರ್ಡ್ ಮಾಡಿ ಕಳಿಸಬೇಕು. ಕೇಳುವ ಮಗು, ಹೇಳುವ ಹಿರಿಯರು, ಅಷ್ಟೇ. ಮೂರನೆಯವರ ದನಿ ಇರಕೂಡದು.

ಮೂರನೆಯವರ ದನಿ ಇರಕೂಡದಂತೆ! ನಮ್ಮ ಮನೆಯಲ್ಲಿ!

ಮಗಳು ಅಜ್ಜಿಯನ್ನು, ಅಂದರೆ ನನ್ನ ಅತ್ತೆಯನ್ನು, ಹಾಲಿನಲ್ಲಿ ಕೂರಿಸಿ ಫೋನು ಆನ್ ಮಾಡಿದಳು. "ಅಜ್ಜಿ, ಚಿಕ್ಕೋಳಿದ್ದಾಗ ನಿಂಗೇನಿಷ್ಟ ಇತ್ತು?"

ಅತ್ತೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪೇಪರಿನ ಹಿಂದಿನಿಂದ ಮಾವ, "ಇವ್ಳಿಗೆ ಹಾಡು ಅಂದ್ರೆ ಪ್ರಾಣ ಕಣೆ," ಅಂದರು. ರಿಟೈರ್ಡ್ ಮೇಷ್ಟ್ರು. ಯಾರನ್ನು ಕೇಳಿದರೂ ಉತ್ತರ ಅವರೇ ಕೊಡಬೇಕು.

ಅಳಿಸಿ ಮತ್ತೆ ಶುರು. "ಮದ್ವೆ ದಿನ ಹೆಂಗಿತ್ತಜ್ಜಿ?"

"ಸಾರಿಗೆ ಉಪ್ಪು ಕಮ್ಮಿ ಆಗಿತ್ತು." ಮತ್ತೆ ಮಾವ.

"ಮಾವ, ದಯವಿಟ್ಟು ಸುಮ್ನಿರಿ. ಮಗು ಸೀಟು ಹೋಗತ್ತೆ," ಅಂದೆ.

"ನಾನೇನಂದೆ ಈಗ? ನೆನಪು ಮಾಡ್ದೆ ಅಷ್ಟೆ. ಅವ್ಳಿಗೆಲ್ಲಿ ನೆನಪಿರತ್ತೆ?"

ಅಷ್ಟರಲ್ಲಿ ವೈಯಾಲಿಕಾವಲ್‌ನಿಂದ ನಾದಿನಿಯ ಫೋನು. ವಿಷಯ ಕೇಳಿದ್ದೇ ತಡ, "ಅಮ್ಮಂಗೇನ್ ಗೊತ್ತು ಪಾಪ, ನಾನೇ ಬಂದು ಹೇಳ್ತೀನಿ ಬಿಡಿ ಅತ್ತಿಗೆ," ಅಂದಳು. ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅತ್ತೆಯಂತೂ, "ನನ್ನೇನ್ ಕೇಳ್ತೀಯೆ, ತಾತನ್ನೇ ಕೇಳು," ಅಂತ ಎದ್ದು ಅಡುಗೆಮನೆಗೆ ಹೊರಟರು.

ಕೊನೆಗೆ, "ನಂಗೆ ಮಾವಿನಹಣ್ಣು ಆರಿಸೋಕೆ ಬರಲ್ಲ, ನೀವೇ ಬನ್ನಿ," ಅಂತ ಮಾವನನ್ನು ಗಾಂಧಿ ಬಜಾರಿಗೆ ಹೊರಡಿಸಿದೆ. ಇಷ್ಟು ವರ್ಷ ಸಂಸಾರ ಮಾಡಿದವಳು ಹೇಳುವ ಮಾತೇ ಅದು? ಅವರು ನಂಬಿಬಿಟ್ಟರು! ಒಂದೊಂದು ಹಣ್ಣಿನ ತೊಟ್ಟನ್ನೂ ಮೂಸಿ, ಹಣ್ಣಿನವಳಿಗೇ ಹಣ್ಣಿನ ಬಗ್ಗೆ ಪಾಠ ಮಾಡಿದರು. ಬಿಸಿಲಲ್ಲಿ ನಿಂತು ನನ್ನ ಕಾಲು ಬಿದ್ದುಹೋಯಿತು. ಮನೆಗೆ ಬಂದರೆ ರೆಕಾರ್ಡಿಂಗ್ ಮುಗಿಸಿ ಕಳಿಸಿಯೂ ಆಗಿತ್ತು.

ಆಮೇಲೆ ಸಂದರ್ಶನಕ್ಕೆ ಕರೆ ಬಂತು. ಮನೆಯವರೂ ಬರಬಹುದು ಅಂದಿದ್ದೇ ತಪ್ಪಾಯಿತು. ಗಂಡ ಆಫೀಸಿಗೆ ಹೋಗಿ ಬಚಾವಾದರು. ಉಳಿದವರೆಲ್ಲ ಮದುವೆಗೆ ಹೊರಟ ಹಾಗೆ ಹೊರಟೆವು. ಟೀಚರ್ ಮಗಳನ್ನೇ ನೋಡಿ, "ಈ ಸ್ಕೂಲೇ ಯಾಕಮ್ಮ ಬೇಕು ನಿಂಗೆ?" ಅಂದರು.

"ಮುಂದೆ ಐಎಎಸ್‌ಗೆ ಅನುಕೂಲ ಆಗತ್ತೆ, ಮೇಡಂ," ಅಂದರು ಮಾವ.

"ಐಎಎಸ್ ಅಲ್ಲ ಮೇಡಂ, ಇವ್ಳಿಗೆ ಮೊದ್ಲಿಂದ್ಲೂ ಜರ್ನಲಿಸಂ..." ಕರ್ಮ, ಇದು ನಾನು! ತುಟಿ ಪಿಟಕ್ಕೆನ್ನಬಾರದು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದವಳು.

ಟೀಚರ್ ಇನ್ನೊಮ್ಮೆ ಕೇಳಿದರು. ಮಾವ ಇನ್ನೊಮ್ಮೆ ಹೇಳಿದರು. "ಮಗು ಮಾತೇ ಆಡಲ್ವಾ?" ಅಂತ ಟೀಚರ್ ಬೇಸರದಿಂದ ಫೈಲು ಮುಚ್ಚಿದರು. ಮಗಳ ಕಣ್ಣಲ್ಲಿ ನೀರು. ನಮ್ಮ ಬಾಯಿಂದಲೇ ಸೀಟು ಹೋಯಿತಲ್ಲ!

"ರೀ," ಅಂದರು ಅತ್ತೆ. ಅಂಥ ದನಿ ಅವರಿಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. "ಬಾಯ್ಮುಚ್ಕೊಂಡ್ ಕೂತ್ಕೊಳ್ಳಿ. ನೀನೂ ಅಷ್ಟೆ ಕಣೆ. ಅವ್ರು ಕೇಳ್ತಿರೋದು ನನ್ ಮೊಮ್ಮಗಳ್ನ."

ಮಾವ ಕೂತೇ ಇದ್ದರು, ಆದರೂ ಇನ್ನೊಮ್ಮೆ ಕೂತರು.

ಮಗಳು ಕಣ್ಣೊರೆಸಿಕೊಂಡಳು. "ನಮ್ಮನೇಲಿ ಎಲ್ರೂ ಮಾತಾಡ್ತಾರೆ ಮಿಸ್. ಅವತ್ತು ಅಜ್ಜಿ ಪಕ್ಕ ಕೂತು ಬರೀ ಕೇಳಿಸ್ಕೊಂಡೆ. ಮದ್ವೆ ಆದ್ಮೇಲೆ ಒಂದಿನ ಅಜ್ಜಿ ಯಾರ್ಗೂ ಹೇಳ್ದೆ, ಒಬ್ಳೇ ರೈಲು ಹತ್ತಿ ಮೈಸೂರಿಗೆ ಹೋಗಿ ಬಂದಿದ್ಲಂತೆ. ಯಾರೂ ಕೇಳ್ಲಿಲ್ಲ, ಅದಕ್ಕೆ ಹೇಳ್ಲಿಲ್ಲ ಅಂದ್ಲು. ಹಂಗೆ ಕೇಳೋದನ್ನ ಕಲೀಬೇಕು ನಾನು."

"ಆ ರೆಕಾರ್ಡಿಂಗ್ ನಾವೆಲ್ಲ ಕೇಳಿದೀವಮ್ಮ. ಸೀಟು ನಿಂದೇ," ಅಂದರು ಟೀಚರ್.

ಮಾವನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಅತ್ತೆಯ ಕಡೆ ತಿರುಗಿ, "ಒಬ್ಳೇ ಹೋಗಿದ್ಯಾ? ಯಾಕೆ?" ಅಂತ ಕೇಳಿದರು. ಕೇಳಿ, ಅತ್ತೆ ಹೇಳುವವರೆಗೂ ಸುಮ್ಮನೆ ಕಾದರು.