ಹದಿನೆಂಟು ತುಂಬಲಿ ಎನ್ನುತ್ತಿದ್ದ ಬೋಟಿನ ಮೇಷ್ಟ್ರು

ಅವರ ಮೈಯೆಲ್ಲ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಕತ್ತಿನ ಸುತ್ತ, ವಿಷಲ್‌ನ ದಾರ ಕೂರುವ ಜಾಗದಲ್ಲಿ ಮಾತ್ರ ಬೆಳ್ಳನೆಯ ಒಂದು ಗೆರೆ. ಊಟಕ್ಕೆ ಕೂರುವಾಗ ಆ ದಾರ ತೆಗೆದು ಪಕ್ಕಕ್ಕಿಟ್ಟರೆ ಯಾರೋ ಸುಣ್ಣದಲ್ಲಿ ಗೆರೆ ಎಳೆದಂತೆ ಕಾಣುತ್ತಿತ್ತು. ಗಂಟಲಂತೂ ಯಾವಾಗಲೂ ಒಡೆದೇ ಇರುತ್ತಿತ್ತು. ದಿನವಿಡೀ ಒಂದೇ ಮಾತನ್ನು ಹೊಸ ಹೊಸ ಜನಕ್ಕೆ ಹೇಳುವವರ ಗಂಟಲು ಅದು. ಶಿಕ್ಷಕಿಯಾದ ನನಗೆ ಅದರ ಗುರುತು ತಕ್ಷಣ ಸಿಕ್ಕಿತು.

ಬೇಲೂರಿನ ಹತ್ತಿರದ ಹಿನ್ನೀರಿನಲ್ಲಿ ಗುತ್ತಿಗೆದಾರರೊಬ್ಬರು ದೋಣಿವಿಹಾರ ನಡೆಸುತ್ತಿದ್ದರು. ಅಲ್ಲಿ ಬೋಟುಗಳ ಉಸ್ತುವಾರಿ ಇವರದು. ಹುಟ್ಟಿದ್ದು ಗಂಡಸಿಯ ಕಡೆ, ತೆಂಗು ರಾಗಿ ಬೆಳೆಯುವ ಮನೆತನದಲ್ಲಿ. ಹರಿಯುವ ನೀರನ್ನೇ ಕಾಣದ ಊರಿನವರು ನೀರಿನ ಕೆಲಸಕ್ಕೆ ಹೇಗೆ ಬಂದಿರಿ ಎಂದು ಕೇಳಿದರೆ, ನೀರು ಕಾಣದವರಿಗೇ ಅದರ ಭಯ ಸರಿಯಾಗಿ ಗೊತ್ತಿರುತ್ತದೆ ಎನ್ನುತ್ತಿದ್ದರು. ಕರಾವಳಿಗೆ ಹೋಗಿ ತರಬೇತಿ ಪಡೆದು ಬಂದಿದ್ದರು. ಮಕ್ಕಳು ಅವರನ್ನು ಬೋಟಿನ ಮೇಷ್ಟ್ರು ಎಂದು ಕರೆಯುತ್ತಿದ್ದರು. ದೊಡ್ಡವರೂ ಹಾಗೇ ಕರೆಯುತ್ತಿದ್ದರು, ಆದರೆ ಸ್ವಲ್ಪ ಗೇಲಿಯಿಂದ.

ನಾನು ಹಳೇಬೀಡಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದಾಗ ಅವರು ಒಬ್ಬರನ್ನೂ ಬೋಟಿನ ಹತ್ತಿರ ಬಿಡಲಿಲ್ಲ. ಎಲ್ಲರನ್ನೂ ದಡದ ಮೇಲೆ ಕೂರಿಸಿ, ಈಜು ಬರುವವರು ಕೈ ಎತ್ತಿ ಎಂದರು. ಒಂದಷ್ಟು ಹುಡುಗರು ಜಂಬದಿಂದ ಎತ್ತಿದರು.

"ನೀವು ಮೊದ್ಲು ಜಾಕೆಟ್ ಹಾಕ್ಕಳಿ. ಈಜು ಬರ್ದೋರು ಹೆದ್ರಿ ಕೂತಿರ್ತಾರೆ. ನೆಗೆಯೋರು ನೀವೇ," ಎಂದರು.

ಆಮೇಲೆ ನಿಧಾನವಾಗಿ ಒಂದೊಂದೇ ಹೇಳಿದರು. ಬೋಟಿನಲ್ಲಿ ಎದ್ದು ನಿಲ್ಲಬಾರದು. ಫೋಟೋ ತೆಗೆಯಲು ಎಲ್ಲರೂ ಒಂದೇ ಕಡೆಗೆ ವಾಲಬಾರದು. ಬೋಟು ಮಗುಚಿದರೆ ಅದನ್ನೇ ಹಿಡಿದುಕೊಂಡಿರಬೇಕು, ದಡಕ್ಕೆ ಈಜಲು ಹೋಗಬಾರದು, ಏಕೆಂದರೆ ನೀರಿನಲ್ಲಿರುವವನಿಗೆ ದಡ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಹಸಿವಾಗಿದ್ದ ನಮ್ಮ ಹೆಡ್‌ಮಾಸ್ಟರು ಗಡಿಯಾರ ನೋಡುತ್ತಿದ್ದರು. ಮೇಷ್ಟ್ರು ಮಾತು ಮುಗಿಸಿ ಮೊದಲ ಜಾಕೆಟನ್ನು ಅವರ ಕೈಗೇ ಕೊಟ್ಟರು.

ಅಲ್ಲೊಂದು ಫಲಕವಿತ್ತು. ಮೋಟಾರ್ ಬೋಟು ನಡೆಸಲು ಹದಿನೆಂಟು ತುಂಬಿರಬೇಕು, ಚಿಕ್ಕವರು ಪೆಡಲ್ ಬೋಟು ಹತ್ತಿದರೆ ಜೊತೆಗೆ ದೊಡ್ಡವರಿರಬೇಕು ಎಂದು. ಮೊದಲು ಅದರಲ್ಲಿ ಅಂಕಿ ಬರೆಸಿದ್ದರಂತೆ. ಯಾರೋ ಎಂಟನ್ನು ಕೆರೆದು ಮೂರು ಮಾಡಿದರು. ತಿದ್ದಿದರೆ ಮತ್ತೆ ಕೆರೆದರು. ಕೊನೆಗೆ ತಾವೇ ಬಣ್ಣ ತಂದು ಅಕ್ಷರದಲ್ಲಿ ಬರೆದರು. ಎರಡನೆಯ ಸಲ ಹೋದಾಗ ಆ ಅಕ್ಷರಗಳ ಮೇಲೆ ಕೆಸರು ಮೆತ್ತಿತ್ತು. ಅವರು ಬಟ್ಟೆಯಲ್ಲಿ ಒರೆಸುತ್ತ ನಿಂತಿದ್ದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ದಣಿವಿತ್ತು.

ಹದಿನೆಂಟೇ ಯಾಕೆ ಎಂದು ಆ ದಿನ ಕೇಳಿದ್ದೆ.

"ತೋಳಿಗೆ ಬಲ ಹದಿನಾಲ್ಕಕ್ಕೇ ಬತ್ತೈತೆ ಮೇಡಂ. ಬೇಡ ಅಂತ ಹಿಂದಕ್ಕೆ ಸರಿಯೋ ಬುದ್ಧಿ ಬರಕ್ಕೆ ಇನ್ನೂ ಸ್ವಲ್ಪ ಟೈಮ್ ಬೇಕು. ಬೋಟಿಗೆ ಬ್ರೇಕ್ ಇಲ್ಲ."

ಇಷ್ಟು ಹಠ ಹಿಡಿಯಬೇಕಾದರೆ ಅವರ ಮನೆಯ ಮಗುವೇ ಯಾವುದೋ ಕೆರೆಯಲ್ಲಿ ಹೋಗಿರಬೇಕು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಒಬ್ಬರು ಎದುರಿಗೇ ಕೇಳಿಬಿಟ್ಟರು. ಅವರು ಬೇಸರಗೊಂಡದ್ದನ್ನು ನಾನು ಕಂಡದ್ದು ಆಗಲೇ. "ಮಕ್ಕಳು ಸಾಯ್ಬಾರ್ದು ಅನ್ನಕ್ಕೆ ನಮ್ಮನೇಲಿ ಒಂದು ಸತ್ತಿರಲೇಬೇಕೇನ್ರೀ?" ಎಂದರು. ಅವರ ಇಬ್ಬರು ಮಕ್ಕಳೂ ಗಂಡಸಿಯಲ್ಲಿ ಚೆನ್ನಾಗಿಯೇ ಇದ್ದರು.

ಮೂರನೆಯ ವರ್ಷದ ಪ್ರವಾಸದಲ್ಲಿ ಆದದ್ದನ್ನು ಹೇಳಬೇಕು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಮಗನ ಹುಟ್ಟುಹಬ್ಬಕ್ಕೆಂದು ಬಂಧುಬಳಗ ಕಟ್ಟಿಕೊಂಡು ಬಂದಿದ್ದರು. ಹುಡುಗನಿಗೆ ಹದಿನೈದು. ಮೋಟಾರ್ ಬೋಟನ್ನು ತಾನೊಬ್ಬನೇ ಓಡಿಸಬೇಕೆಂದು ಅವನ ಆಸೆ. ಮೇಷ್ಟ್ರು ಆಗುವುದಿಲ್ಲ ಎಂದರು. ನಾನೇ ಓಡಿಸುತ್ತೇನೆ, ಅವನು ಪಕ್ಕದಲ್ಲಿ ಕೂರಲಿ ಎಂದರು. ತಂದೆ ಒಪ್ಪಲಿಲ್ಲ.

"ನನ್ನ ಮಗ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸ್ತಾನೆ ಕಣ್ರೀ."

"ಟ್ರ್ಯಾಕ್ಟರ್ ಆಫ್ ಮಾಡಿದ್ರೆ ಅಲ್ಲೇ ನಿಲ್ತೈತೆ ಸಾರ್. ಇದು ನಿಲ್ಲಲ್ಲ."

ವ್ಯಾಪಾರಿ ಗುತ್ತಿಗೆದಾರರಿಗೆ ಫೋನ್ ಮಾಡಿದರು. ಫೋನು ಮೇಷ್ಟ್ರ ಕೈಗೆ ಬಂತು. ಅವರು ಬಹಳ ಹೊತ್ತು ಕೇಳಿಸಿಕೊಂಡು, ನನ್ನ ಕೈಯಿಂದ ಕೀ ಕೊಡುವುದಿಲ್ಲ ಎಂದಷ್ಟೇ ಹೇಳಿದರು. ಸ್ವಲ್ಪ ಹೊತ್ತಿಗೆ ಬೇಲೂರಿನಿಂದ ಗುತ್ತಿಗೆದಾರರೇ ಬಂದು ಮೇಜಿನ ಮೇಲಿದ್ದ ಕೀ ತೆಗೆದು ಹುಡುಗನಿಗೆ ಕೊಟ್ಟರು. ನನ್ನ ಮಕ್ಕಳು ದಡದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು.

ಮೇಷ್ಟ್ರು ಮುನಿಸಿಕೊಂಡು ಹೊರಟುಹೋಗುತ್ತಾರೆ ಎಂದುಕೊಂಡೆ. ಅವರು ಹುಡುಗನ ಹತ್ತಿರ ಹೋಗಿ ಅವನ ಜಾಕೆಟಿನ ಪಟ್ಟಿಗಳನ್ನು ತಾವೇ ಬಿಗಿದರು. ಎಂಜಿನ್ ನಿಲ್ಲಿಸುವ ದಾರವನ್ನು ಅವನ ಮಣಿಕಟ್ಟಿಗೆ ಸಿಕ್ಕಿಸಿ, ನೀನು ಬಿದ್ದರೆ ಇದು ಕಿತ್ತುಕೊಂಡು ಎಂಜಿನ್ ಆಫ್ ಆಗುತ್ತದೆ, ಬಿಚ್ಚಬೇಡ ಮಗ ಎಂದು ಮೆಲ್ಲಗೆ ಹೇಳಿದರು. ಆಮೇಲೆ ಹಗ್ಗದ ಸುರುಳಿ, ಗಾಳಿಯ ರಿಂಗು ಎತ್ತಿಕೊಂಡು ಇನ್ನೊಂದು ಬೋಟಿನ ಎಂಜಿನ್ ಶುರು ಮಾಡಿ ಅದರಲ್ಲೇ ಕೂತರು. ಹುಡುಗ ದೂರ ಹೋದ, ಜೋರಾಗಿ ಒಂದೆರಡು ತಿರುವು ಹೊಡೆದ, ಅವನ ಕಡೆಯವರು ದಡದಲ್ಲಿ ಕೇಕೆ ಹಾಕಿದರು. ಮೇಷ್ಟ್ರ ಕಣ್ಣು ಒಮ್ಮೆಯೂ ಅವನಿಂದ ಆಚೀಚೆ ಸರಿಯಲಿಲ್ಲ.

ಹುಡುಗ ನಗುತ್ತ ವಾಪಸು ಬಂದ.

"ಈಗೇನಾಯ್ತು ಹೇಳಿ? ಏನೂ ಆಗ್ಲಿಲ್ವಲ್ಲ," ಎಂದರು ತಂದೆ.

"ಹೌದು ಸಾರ್. ಏನೂ ಆಗ್ಲಿಲ್ಲ," ಎಂದರು ಮೇಷ್ಟ್ರು. ಅದು ಸೋತವನ ಮಾತಾಗಿರಲಿಲ್ಲ. ಹಗ್ಗವನ್ನು ಮತ್ತೆ ಸುರುಳಿ ಸುತ್ತಿ ಕೆಳಗಿಟ್ಟರು. ಅಷ್ಟು ನಿರಾಳವಾದ ಮುಖವನ್ನು ಆಮೇಲೆ ನಾನು ಅವರಲ್ಲಿ ನೋಡಲೇ ಇಲ್ಲ.

ಹೊರಡುವಾಗ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅವರನ್ನು ಕೇಳಿದಳು, ಹಾಗಾದರೆ ಆ ನಿಯಮ ಸುಳ್ಳಾ ಎಂದು. ಅವರು ಹೇಳಿದರು: "ಕಣ್ಮುಚ್ಕೊಂಡು ರಸ್ತೆ ದಾಟಿದ್ರೂ ಒಂದೊಂದ್ಸಲ ಆಚೆ ಕಡೆ ಸೇರ್ತೀವಿ ಕಣವ್ವ. ಅದ್ನ ದಾಟೋ ವಿದ್ಯೆ ಅಂತಾರಾ?"

ಮರುದಿನದಿಂದ ಕೆಲಸಕ್ಕೆ ಬರಬೇಡಿ ಎಂದು ಅವರಿಗೆ ಹೇಳಿದರಂತೆ. ಗೊತ್ತಾದಾಗ ನಾನು ಫೋನ್ ಮಾಡಿ, ನಮ್ಮ ಶಾಲೆಗೆ ಬಂದು ಮಕ್ಕಳಿಗೆ ಹೇಳಿ ಎಂದೆ. ಬತ್ತೀನಿ ಎಂದರು. ಒಂದು ಶಾಲೆ ನಾಲ್ಕಾರು ಶಾಲೆಯಾಯಿತು. ಬೇಸಿಗೆ ರಜೆಗೆ ಮುಂಚೆ ಬಸ್ಸು ಹಿಡಿದು ಹೆಗಲಿಗೊಂದು ಜಾಕೆಟ್ ಹಾಕಿಕೊಂಡು ಬರುತ್ತಿದ್ದರು. ಕೆರೆ, ಕೃಷಿ ಹೊಂಡ, ತೆಪ್ಪ ಎಲ್ಲವನ್ನೂ ಮಾತಿಗೆ ಸೇರಿಸಿಕೊಂಡರು. ಕೆಲವು ಶಾಲೆಗಳಲ್ಲಿ ಪರೀಕ್ಷೆಯಿದೆ ಎಂದು ವಾಪಸು ಕಳಿಸಿದರು. ಆ ದಿನಗಳಲ್ಲಿ ಸಿಕ್ಕಿದರೆ ಏನೂ ದೂರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತು, ಸುಮ್ಮನೆ ಕಾಫಿ ಕುಡಿಯುತ್ತಿದ್ದರು.

ಕಿಡ್ನಿಯ ಕಾಯಿಲೆ ಅವರನ್ನು ಮಲಗಿಸಿದ ಮೇಲೆ ಆ ಓಡಾಟ ನನ್ನ ಪಾಲಿಗೆ ಬಂತು. ಹಾಸನದ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಲು ಹೋದಾಗ, ಈ ಸಲ ಯಾವ ಶಾಲೆಗೆ ಹೋಗಿದ್ದಿರಿ ಎಂದು ಕೇಳಿದರು. ಅರೇಹಳ್ಳಿಗೆ ಎಂದೆ. ಹೇಳಿ ಪ್ರಯೋಜನವಿಲ್ಲ, ನನ್ನ ಮಾತು ಮುಗಿಯುವವರೆಗೂ ಒಂದೇ ಗಲಾಟೆ, ಯಾರೂ ಕೇಳಿಸಿಕೊಳ್ಳಲಿಲ್ಲ ಎಂದು ಹೇಳಿಕೊಂಡೆ. ನನಗೂ ಸಾಕಾಗಿತ್ತು.

ಅವರು ಕಣ್ಣು ಮುಚ್ಚಿಕೊಂಡೇ ಇದ್ದರು.

"ಗಲಾಟೆ ಮಾಡಿದ್ರಾ? ಮಾಡ್ಲಿ ಬಿಡಿ. ಎಲ್ಲಾ ಇದ್ದಾವಲ್ಲ, ಅದ್ಕೇ ಗಲಾಟೆ."

ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ಹೋದರು. ಗಂಡಸಿಯ ತೋಟದಲ್ಲೇ ಮಣ್ಣು ಮಾಡಿದರು.

ಮೊನ್ನೆ ಹಗರೆಯ ಶಾಲೆಗೆ ಹೋಗಿದ್ದೆ. ಊಟದ ನಂತರದ ಹೊತ್ತು, ಸೆಕೆ. ನಾನು ಮಾತಾಡುತ್ತಿದ್ದಂತೆ ಹಿಂದಿನ ಸಾಲಿನವರು ಒಬ್ಬರನ್ನೊಬ್ಬರು ತಿವಿಯುತ್ತ ನಗುತ್ತಿದ್ದರು. ಆ ತರಗತಿಯ ಶಿಕ್ಷಕರು ಬೆತ್ತ ತೆಗೆದುಕೊಂಡು ಎದ್ದರು. ನಾನು ಬೇಡ, ಕೂತ್ಕೊಳ್ಳಿ ಸಾರ್ ಎಂದೆ. ನೀರು ಕುಡಿದು, ಆ ನಗು ತಾನಾಗಿ ನಿಲ್ಲುವವರೆಗೆ ಕಾದು, ಮತ್ತೆ ಮೊದಲಿನಿಂದ ಶುರು ಮಾಡಿದೆ.