ಸೋಮವಾರ ಕಟ್ಟಬಾರದ ಎತ್ತು

ಮಹಾರಾಜರ ಸರ್ಕಾರದಲ್ಲಿ ನಾನು ಸ್ಕೂಲ್ ಇನ್‌ಸ್ಪೆಕ್ಟರ್ ಆಗಿದ್ದಾಗ, ಮಕ್ಕಳು ಕೈಯಾರೆ ಮಾಡಿಯೇ ಕಲಿಯಬೇಕೆಂಬ ಹುಚ್ಚು ನನಗೆ ಹಿಡಿದಿತ್ತು. ಕೊಳಾಲದ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಕೆರೆಯ ಜೇಡಿಮಣ್ಣು ತರಿಸಿ, "ಉಳುವ ಎತ್ತುಗಳನ್ನು ಮಾಡಿ" ಎಂದೆ.

ಗೌರಿ ಎಂಬ ಏಳೆಂಟು ವರ್ಷದ ಹುಡುಗಿ ಮಾಡಿದ ಜೋಡಿ ಎತ್ತು ನೋಡಿ ಬೆರಗಾದೆ. ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನೂ ಅವಳು ಮರೆತಿರಲಿಲ್ಲ. ನೊಗ ಮಾತ್ರ ಪಕ್ಕದಲ್ಲಿ ಬಿದ್ದಿತ್ತು.

"ನೊಗಕ್ಕೆ ಕಟ್ಟಮ್ಮ" ಎಂದೆ.

"ಇವತ್ತು ಸೋಮ್ವಾರ ಸ್ವಾಮಿ, ಕಟ್ಟಂಗಿಲ್ಲ."

ಮೇಷ್ಟ್ರು ಮೆಲ್ಲಗೆ, "ಬಸವಣ್ಣನ ದಿನ ಸ್ವಾಮಿ, ಈ ಊರಲ್ಲಿ ಯಾರೂ ಎತ್ತು ಹೂಡೋದಿಲ್ಲ" ಎಂದರು.

"ಇದು ಬರೀ ಮಣ್ಣಲ್ಲವೇನಮ್ಮ?" ಎಂದು ಗೌರಿಯನ್ನು ಕೇಳಿದೆ.

"ಮಣ್ಣಿಂದಾದ್ರೂ ಎತ್ತೇ ಅಲ್ವಾ? ನಾಳೀಕೆ ಕಟ್ತೀನಿ ಬುಡಿ."

ಮಾರನೆಯ ದಿನ ನಾನು ಬೇರೆ ಊರಿನಲ್ಲಿರಬೇಕಿತ್ತು. ಪಾಠ ಅರ್ಧಕ್ಕೆ ನಿಲ್ಲಬಾರದೆಂದು ನಾನೇ ನೊಗ ಎತ್ತಿ ಆ ಹಸಿ ಕತ್ತುಗಳ ಮೇಲೆ ಒತ್ತಿದೆ. ಒಂದು ಎತ್ತಿನ ತಲೆ ಕಳಚಿ ಕೆಳಗೆ ಬಿತ್ತು.

ಗೌರಿ ಅಳಲಿಲ್ಲ. ತಲೆಯನ್ನೂ ಮೈಯನ್ನೂ ಲಂಗದ ಮಡಿಲಲ್ಲಿಟ್ಟುಕೊಂಡು ಹೊರಗೆ ಹೋಗಿ, ಬೇವಿನ ಮರದ ಬುಡದಲ್ಲಿ ಗುಂಡಿ ತೋಡಿದಳು. ಮಿಕ್ಕ ಮಕ್ಕಳೂ ಯಾರ ಅಪ್ಪಣೆಯನ್ನೂ ಕೇಳದೆ ಎದ್ದುಹೋಗಿ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನು ಬೂಟು ಬಿಚ್ಚಿ ದೂರದಲ್ಲಿ ನಿಂತೆ.

ಆ ಸಂಜೆ ತನಿಖೆ ಪುಸ್ತಕದಲ್ಲಿ, 'ಮಕ್ಕಳ ಕೆಲಸ ಚೆನ್ನಾಗಿದೆ, ಒಂದು ಎತ್ತು ಮಾತ್ರ ಇನ್‌ಸ್ಪೆಕ್ಟರ ಕೈಯಲ್ಲಿ ಸತ್ತಿತು' ಎಂದು ಬರೆಯಬೇಕಿತ್ತು. 'ಚೆನ್ನಾಗಿದೆ' ಎನ್ನುವವರೆಗೆ ಬರೆದು ರುಜು ಹಾಕಿದೆ.